ಹಗ್ಗ ಹಿಡಿದವರು ಕೈ ಮುಗಿದಾಗ

ಶನಿವಾರ ಬೆಳಿಗ್ಗೆ ಹತ್ತರ ಸುಮಾರಿಗೆ ನಾನು ಬಸವಕಲ್ಯಾಣದ ನಮ್ಮ ಹಿತ್ತಿಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಬೇವಿನ ಮರಕ್ಕೆ ಮುಖ ಮಾಡಿ ನಿಂತಿದ್ದೆ. ನನ್ನ ಎಡಕ್ಕೆ ಬಚ್ಚಲು, ಬಲಕ್ಕೆ ಗಲ್ಲಿಯ ಕಡೆ ತೆರೆದಿದ್ದ ಗೇಟು. ಇಷ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಅಂದು ಸಂಜೆಯೊಳಗೆ ಹುಮನಾಬಾದಿನವರ ಬಾಯಲ್ಲಿ ಮರವು ಮಠದ ಸ್ವಾಮಿಗಳಾದ ಅಜ್ಜನವರ ಮೇಲೆ ಬಿದ್ದಿತ್ತು. ಸುದ್ದಿ ಮಂಠಾಳ ಮುಟ್ಟುವ ಹೊತ್ತಿಗೆ ಕೋಟೆಯ ಬುರುಜೇ ಕುಸಿದಿತ್ತು. ಎರಡೂ ಸುಳ್ಳು. ಬಿದ್ದದ್ದು ಒಂದು ಕೊಂಬೆ, ಮತ್ತು ಒಂದು ತಡಿಕೆ. ಆದ್ದರಿಂದ ನಡೆದದ್ದನ್ನು ನಡೆದಂತೆಯೇ, ನಿಧಾನವಾಗಿ ಬರೆಯುತ್ತೇನೆ.

ನಮ್ಮ ಮನೆ ಕೋಟೆಯ ಮಗ್ಗುಲಲ್ಲೇ ಇದೆ. ಕೋಟೆಯ ಮಗ್ಗುಲಲ್ಲಿ ಬದುಕುವುದೆಂದರೆ ಹಿರಿಯ ಅತ್ತೆಯ ಎದುರು ಸಂಸಾರ ಮಾಡಿದಂತೆ. ಏನು ಎತ್ತಿಡಬೇಕಾದರೂ ಮೊದಲು ಕೇಳಬೇಕು. ಪಾಯ ತೋಡುವಂತಿಲ್ಲ, ಹೊಸ ಗೋಡೆ ಎಬ್ಬಿಸುವಂತಿಲ್ಲ. ಹಾಗಾಗಿ ನಮ್ಮ ಬಚ್ಚಲಿಗೆ ಗೋಡೆಯ ಬದಲು ತೊಗರಿ ಕಟ್ಟಿಗೆಯಿಂದ ಹೆಣೆದ ತಡಿಕೆ. ಈ ತಡಿಕೆಯನ್ನು ದಯವಿಟ್ಟು ನೆನಪಿನಲ್ಲಿಡಿ. ನಾನು ಮರೆತಿದ್ದೆ.

ಬೇವು ಒಳಗೆಲ್ಲ ಟೊಳ್ಳಾಗಿ, ಪಕ್ಕದ ಮನೆಯ ಮಹಾದೇವಿ ಅಕ್ಕನ ಅಡುಗೆಮನೆಯ ತಗಡಿನ ಮೇಲೆ ವಾಲಿತ್ತು. ಗಾಳಿ ಎದ್ದಾಗಲೆಲ್ಲ ಆಕೆ ನಮ್ಮ ಬಾಗಿಲಿಗೆ ಬರುತ್ತಿದ್ದಳು.

"ತಮ್ಮಾ, ಗಾಳಿ ಬಂತಂದ್ರ ನಾ ಹಿಟ್ಟಿನ ಪರಾತ ಎತ್ಕೊಂಡು ಬೀದಿಗಿ ಓಡಾಕತ್ತೇನಿ. ರೊಟ್ಟಿ ಬಡಿಯಾಕ ಇಷ್ಟು ಓಡೋದು ಯಾವ ಊರಾಗದ ಹೇಳು?"

ಮಾತು ನ್ಯಾಯವಾಗಿತ್ತು. ಮರ ತೆಗೆಯಲು ಪುರಾತತ್ವ ಇಲಾಖೆಯಿಂದ ಅಪ್ಪಣೆ ಬಂತು, ಜೊತೆಗೆ ಷರತ್ತುಗಳೂ ಬಂದವು: ಬೇರು ಅಗೆಯಬಾರದು, ದೊಡ್ಡ ಯಂತ್ರ ತರಬಾರದು, ಹಳೆಯ ಗೋಡೆಯ ಒಂದು ಕಲ್ಲೂ ಅಲುಗಬಾರದು. ಅಂದರೆ ಮರವನ್ನು ಮೇಲಿನಿಂದ ಒಂದೊಂದೇ ಕೊಂಬೆಯಾಗಿ ಕೊಯ್ದು, ಹಗ್ಗದಲ್ಲಿ ಕೂಸಿನಂತೆ ಕೆಳಗಿಳಿಸಬೇಕು.

ಹುಮನಾಬಾದಿನಿಂದ ಮರ ಕಡಿಯುವ ಯೂಸುಫ್ ಭಾಯಿ ಬಂದರು. ಮರವನ್ನು ಒಮ್ಮೆ ನೋಡಿ, "ಇಂಥಾ ಝಾಡ ನಾ ಚಹಾ ಕುಡಕೋತ ಇಳಸ್ತೇನ್ರಿ" ಎಂದು ಮೇಲೇರಿದರು. ಹಗ್ಗ ಹಿಡಿಯಲು ಗಲ್ಲಿಯ ನಾಲ್ವರು ಗಣ್ಯರು ಗೇಟಿನ ಬಳಿ ಸಾಲಾಗಿ ನಿಂತರು. ಮೇಲಿನಿಂದ ಯೂಸುಫ್ ಭಾಯಿ ಕೂಗಿದರು: "ಹಗ್ಗ ಬಿಡಬ್ಯಾಡ್ರಿ! ಭೂಕಂಪ ಆದ್ರೂ ಬಿಡಬ್ಯಾಡ್ರಿ!"

"ಹುಲಿ ಬಂದ್ರೂ ಬಿಡಂಗಿಲ್ಲ ಭಾಯಿ," ಎಂದರು ಸಾಲಿನ ಮುಂದಿದ್ದ ಕಿರಾಣಿ ಅಂಗಡಿಯ ವೀರಣ್ಣ.

ಹುಮನಾಬಾದಿನಿಂದ ಇನ್ನೊಬ್ಬರೂ ಬಂದಿದ್ದರು, ನನ್ನ ಹೆಂಡತಿಯ ಅಣ್ಣ ಬಸಣ್ಣ ಭಾವ. ಮೇಲುಸ್ತುವಾರಿಗೆ ಬಂದವರು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಧೂಳು ಕುಡಿದು, ತಲೆಯಿಂದ ಕಾಲಿನವರೆಗೆ ಮಣ್ಣಿನ ಬಣ್ಣವಾಗಿದ್ದರು. "ಎರಡು ಚೊಂಬು ಹಾಕ್ಕೊಂಡು ಬರ್ತೇನಿ, ಅಲ್ಲೀತನ ಸುರು ಮಾಡಬ್ಯಾಡ್ರಿ" ಎಂದು ಬಚ್ಚಲಿಗೆ ಹೋದರು. ಸುರಕ್ಷತೆಯ ಹೊಣೆ ನನ್ನದು. ಎಮ್ಮೆಯನ್ನು ಬಿಚ್ಚಿ ಬಚ್ಚಲಿನ ಆಚೆ ದೂರದ ಗೂಟಕ್ಕೆ ಕಟ್ಟಿದೆ, ಒಣಹಾಕಿದ ಬಟ್ಟೆ ತೆಗೆಸಿದೆ, ಮಹಾದೇವಿ ಅಕ್ಕನನ್ನು ಪರಾತದ ಸಮೇತ ಗಲ್ಲಿಗೆ ಕಳಿಸಿದೆ. ಎಲ್ಲ ಖಾಲಿಯಾಯಿತೆಂದು ಕಲ್ಲಿನ ಮೇಲೆ ನಿಂತು ಕೈ ಬೀಸಿದೆ. ಭಾವನವರು ನೆನಪಾಗಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಲ್ಯಾಣದಲ್ಲಿ 'ಶರಣು' ಎಂದು ಕೇಳಿದರೆ ಕೈಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ಕೈಗಳ ಒಡೆಯನಿಗೆ ಸುದ್ದಿ ಆಮೇಲೆ ತಲುಪುತ್ತದೆ. ಫೋನಿನಲ್ಲಿ ಶರಣು ಹೇಳುವಾಗಲೂ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿ ಕೈ ಮುಗಿಯುವವರನ್ನು ಬಲ್ಲೆ. ಬೈಕಿನ ಮೇಲೆ ಹಾಗೆ ಮಾಡಿದವರನ್ನೂ ಬಲ್ಲೆ. ಅವರೀಗ ಚೆನ್ನಾಗಿಯೇ ನಡೆಯುತ್ತಾರೆ.

ಮೊದಲ ಕೊಂಬೆ ಕೊಯ್ದದ್ದಾಯಿತು. ಎತ್ತಿನಷ್ಟು ದಪ್ಪದ ಅದು ಹಗ್ಗದಲ್ಲಿ ತೂಗುತ್ತಾ ಅಕ್ಕನ ತಗಡನ್ನು ದಾಟಿ ನಮ್ಮ ಹಿತ್ತಿಲಿನ ಮೇಲಕ್ಕೆ ಬಂತು. ನಾಲ್ವರ ಮುಖವೂ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಅಷ್ಟರಲ್ಲಿ ಗೇಟಿನ ಮುಂದೆ ಹೋಗುತ್ತಿದ್ದ ಮಠದ ಅಜ್ಜನವರು ಒಳಗೆ ಇಣುಕಿ, ನಗುತ್ತಾ ಹೇಳಿದರು:

"ಶರಣು ಶರಣಾರ್ಥಿ."

ಎಂಟು ಕೈಗಳು ಕೂಡಿದವು. ಕಲ್ಲಿನ ಮೇಲೆ ನನ್ನವೆರಡೂ ಕೂಡಿದವು. ಹಗ್ಗ ಹಾವಿನಂತೆ ಸರ್ರನೆ ಮೇಲೆ ಹೋಯಿತು. ಕೊಂಬೆ ಧಪ್ಪೆಂದು ನೆಲಕ್ಕೆ ಬಿದ್ದು, ಒಂದು ಕ್ಷಣ ಯೋಚಿಸಿದಂತೆ ನಿಂತು, ಎಡಕ್ಕೆ ವಾಲಿ ತನ್ನ ಎಲೆಗಳಿಂದ ತಡಿಕೆಯನ್ನು ಮೆಲ್ಲಗೆ ಮಲಗಿಸಿತು.

ತಡಿಕೆಯ ಹಿಂದೆ ಬಸಣ್ಣ ಭಾವ ನಿಂತಿದ್ದರು. ಮೈಮೇಲೆ ಪಟ್ಟಾಪಟ್ಟಿ ಚಡ್ಡಿ, ತಲೆಯಿಂದ ಎದೆಯವರೆಗೆ ಸಾಬೂನಿನ ನೊರೆ. ಕಣ್ಣು ಮುಚ್ಚಿತ್ತು. ಮತ್ತು, ಇದನ್ನು ನಾನು ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳುತ್ತೇನೆ, ಅವರು ಆಗಲೇ ಎರಡೂ ಕೈ ಮುಗಿದಿದ್ದರು. ಯಾರೂ ನೋಡದ ಜಾಗದಲ್ಲಿ, ಬರೀ ದನಿ ಕೇಳಿ. ದಿಕ್ಕು ಮಾತ್ರ ತಪ್ಪಿತ್ತು. ಎಮ್ಮೆಯ ಕಡೆಗೆ ಮುಗಿದಿದ್ದರು.

"ಶರಣಾರ್ಥಿ ಅಜ್ಜಾರ," ಎಂದರು ಭಾವ. ಆಮೇಲೆ, "ಇದ್ಯಾಕ ಗಾಳಿ ಭಾಳ ಬರಾಕತ್ತದ?"

"ಮೊದಲ ಕಣ್ಣು ತೊಳ್ಕೋರಿ ಬಸಣ್ಣ," ಎಂದು ಅಜ್ಜನವರು ಮೆತ್ತಗೆ ಹೇಳಿ ಮುಂದೆ ನಡೆದರು. ಗಲ್ಲಿಯಲ್ಲಿ ಮಹಾದೇವಿ ಅಕ್ಕ ಪರಾತವನ್ನೇ ಮುಖಕ್ಕೆ ಅಡ್ಡ ಹಿಡಿದಿದ್ದಳು, ಪರಾತ ಕುಲುಕುತ್ತಿತ್ತು.

ಮರದ ಮೇಲೆ ಯೂಸುಫ್ ಭಾಯಿ ಒಂದು ಕೈಯಲ್ಲಿ ರೆಂಬೆ ಹಿಡಿದು ಇನ್ನೊಂದನ್ನು ಹಣೆಗೆ ಮುಟ್ಟಿಸಿಕೊಂಡೇ ಇದ್ದರು. "ನೋಡ್ರಿ ಸಾಹೇಬ್, ನಮ್ದು ಸಲಾಂ ಒಂದ ಕೈಯಾಗ ಮುಗೀತದ. ಇನ್ನೊಂದು ಕೆಲಸಕ್ಕ ಉಳೀತದ!"

ಆದರೆ ಅತಿ ದೊಡ್ಡ ಕೊಂಬೆ ಇನ್ನೂ ಮರದಲ್ಲೇ, ಅಕ್ಕನ ತಗಡಿನ ಮೇಲೆ ವಾಲಿಕೊಂಡೇ ಇತ್ತು. ಅದು ಹೀಗೆ ಬಿದ್ದರೆ ಅಡುಗೆಮನೆಯೇ ಉಳಿಯುವುದಿಲ್ಲ. ಕಲ್ಯಾಣದ ಗಲ್ಲಿಯಲ್ಲಿ ಜನ ಬರದಂತೆ ತಡೆಯಬಹುದೇ? ಬಂದವರು ಶರಣು ಹೇಳದಂತೆ ತಡೆಯಬಹುದೇ? ಉಪಾಯ ಹೇಳಿದವಳು ಮಹಾದೇವಿ ಅಕ್ಕ: "ಕೈ ಮುಗಿಯಾಕ ಒಬ್ಬರ್ನ ಬ್ಯಾರೆ ನಿಲ್ಲಸ್ರಿ."

ಹಾಗೆಯೇ ಮಾಡಿದೆವು. ಇಸ್ತ್ರಿ ಮಾಡಿದ ಧೋತರ ಉಟ್ಟು ಬಸಣ್ಣ ಭಾವ ಗಲ್ಲಿಯ ಬಾಯಲ್ಲಿ ನಿಂತು, ಬಂದವರಿಗೆಲ್ಲ ನಮ್ಮೆಲ್ಲರ ಪರವಾಗಿ ಸಂಜೆಯವರೆಗೆ ಕೈ ಮುಗಿದರು. ಯಾವ ಚುನಾವಣೆಗೆ ನಿಂತಿದ್ದೀರಿ ಎಂದು ಇಬ್ಬರು ಕೇಳಿದರಂತೆ. ಇತ್ತ ದೊಡ್ಡ ಕೊಂಬೆ ತಗಡಿಗೆ ಒಂದು ಎಲೆಯನ್ನೂ ತಾಗಿಸದೆ ಇಳಿಯಿತು. ಹಗ್ಗ ಹಿಡಿಯುವ ಕೈ ಬೇರೆ, ಮುಗಿಯುವ ಕೈ ಬೇರೆ ಇದ್ದರೆ ಊರು ಎರಡನ್ನೂ ಉಳಿಸಿಕೊಳ್ಳುತ್ತದೆ ಎಂದು ನನಗೆ ಅಂದು ತಿಳಿಯಿತು. ಈಗ ಗಾಳಿ ಎದ್ದಾಗಲೂ ಆ ಅಡುಗೆಮನೆಯೊಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ.

ಇದನ್ನು ಕಂಡವರು ಮಠದ ಅಜ್ಜನವರು, ಯೂಸುಫ್ ಭಾಯಿ, ಮಹಾದೇವಿ ಅಕ್ಕ, ವೀರಣ್ಣ ಮತ್ತು ಅವರ ಮೂವರು ಸಂಗಡಿಗರು, ನಮ್ಮ ಎಮ್ಮೆ. ಎಲ್ಲರೂ ಬದುಕಿದ್ದಾರೆ. ಬಸಣ್ಣ ಭಾವನೂ ಇದ್ದಾರೆ, ಈಗ ಸ್ನಾನ ಮುಗಿಸಿಕೊಂಡೇ ಹುಮನಾಬಾದು ಬಿಡುತ್ತಾರೆ. ನನ್ನ ಮೇಲೆ ನಂಬಿಕೆಯಿಲ್ಲದಿದ್ದರೆ ಬಂದು ಯಾರನ್ನಾದರೂ ಕೇಳಿ. ಆದರೆ ಅವರ ಕೈಯಲ್ಲಿ ಏನಾದರೂ ಇದ್ದರೆ, ಅದನ್ನು ಕೆಳಗಿಡುವವರೆಗೆ ಕಾದು, ಆಮೇಲೆ ಶರಣು ಹೇಳಿ.