ಸಾತಲಿಂಗಪ್ಪನ ಡಾಜ್ ಗಾಡಿ ಮತ್ತು ಅತ್ತೆಯ ಒಂದು ಮಾತು

ಸೊಲ್ಲಾಪುರದ ಚಾದರ ವ್ಯಾಪಾರಿ ಸಾತಲಿಂಗಪ್ಪ ಕುಡಿಯುವವನಲ್ಲ, ಸೇದುವವನಲ್ಲ, ಅಳತೆಯಲ್ಲಿ ಒಂದು ಬೆರಳೂ ಕಡಿಮೆ ಕೊಟ್ಟವನಲ್ಲ. ಅವನಿಗಿದ್ದ ಚಟ ಒಂದೇ, ಹೊಟ್ಟೆಕಿಚ್ಚು. ಅದನ್ನು ಮಾತ್ರ ದಿನಕ್ಕೆ ಮೂರು ಹೊತ್ತು ಬಿಸಿಬಿಸಿಯಾಗಿ ತೆಗೆದುಕೊಳ್ಳುತ್ತಿದ್ದ. ನನ್ನ ಅಂಗಡಿ ಅವನ ಅಂಗಡಿಯ ಎದುರಿಗೇ ಇದ್ದದ್ದರಿಂದ ಆ ಕಿಚ್ಚಿನಲ್ಲಿ ನಾನು ಇಪ್ಪತ್ತು ವರ್ಷ ಚಳಿ ಕಾಯಿಸಿಕೊಂಡಿದ್ದೇನೆ. ಒಮ್ಮೆ ನನಗೆ ನೂರಾಮೂರು ಡಿಗ್ರಿ ಜ್ವರ ಬಂತು. ನೋಡಲು ಬಂದವನು, "ನಂದು ಹ್ವಾದ ವರ್ಷ ನೂರಾ ಐದ ಇತ್ತು" ಎಂದು ಹೇಳಿ ಸಮಾಧಾನವಾದ ಮೇಲೆಯೇ "ಹ್ಯಾಂಗದೀರಿ?" ಎಂದು ಕೇಳಿದ.

ಇವೆಲ್ಲ ಸಣ್ಣ ಉರಿ. ದೊಡ್ಡ ಉರಿಯ ಹೆಸರು ಶಿವಶರಣಪ್ಪ. ಇವನು ಸಾತಲಿಂಗಪ್ಪನ ಷಡ್ಡಕ, ಅಂದರೆ ಹೆಂಡತಿ ಶಾರದಾಬಾಯಿಯ ತಂಗಿಯ ಗಂಡ. ಚಪಳಗಾಂವದಲ್ಲಿ ದೊಡ್ಡ ಹೊಲ, ಬಾಗಿಲಲ್ಲಿ ಡೀಸೆಲ್ ಜೀಪು. ಇಬ್ಬರ ಅತ್ತೆ ಗಂಗುಬಾಯಿ ಅಕ್ಕಲಕೋಟದಲ್ಲಿದ್ದಳು. ಆಕೆಯ ಬಾಯಿಂದ ಹೊಗಳಿಕೆ ಬರುವುದೆಂದರೆ ಒಣಗಿದ ಬಾವಿಯಿಂದ ಕೊಡ ತುಂಬಿ ಬಂದಂತೆ. ಅಂಥವಳು ಒಂದು ಮದುವೆಯ ಪಂಗ್ತಿಯಲ್ಲಿ, ಮುನ್ನೂರು ಜನ ಹೋಳಿಗೆ ಬಿಟ್ಟು ಕೇಳುವಂತೆ, "ಶಿವಶರಣಪ್ಪ ಅಂದ್ರ ನನ್ನ ಹೊಟ್ಟ್ಯಾಗ ಹುಟ್ಟಿದ ಮಗಾ ಇದ್ದಂಗ. ಕರದಾಗ ಗಾಡಿ ತರ್ತಾರ" ಎಂದುಬಿಟ್ಟಳು. ಎಡಗಡೆ ಕೂತಿದ್ದ ಹಿರಿಯ ಅಳಿಯ ಸಾತಲಿಂಗಪ್ಪ ಎಲೆಯ ಮೇಲಿನ ಉಪ್ಪನ್ನು ಸಕ್ಕರೆಯೆಂದು ತಿಂದುದನ್ನು ನಾನೇ ಕಂಡೆ. ಅಂದಿನಿಂದ ಅವನಿಗೆ ಬೇರೆ ಮೋಕ್ಷ ಬೇಡವಾಯಿತು. ಅದೇ ಮಾತನ್ನು ಅದೇ ಬಾಯಿಂದ ತನ್ನ ಹೆಸರಿಗೆ ಕೇಳಬೇಕು, ಅಷ್ಟೇ.

ಗಾಡಿ ಅವನ ಹತ್ತಿರವೂ ಇತ್ತು. ಮಿಲಿಟರಿಯವರು ಹರಾಜು ಹಾಕಿದ ಡಾಜ್ ಪಿಕಪ್ಪು, ಮೂಗು ಉಬ್ಬಿದ ಹಳೆಯ ಚೆಲುವೆ. ಆದರೆ ಪೆಟ್ರೋಲಿನದು. ಅದು ಪೆಟ್ರೋಲು ಕುಡಿಯುವ ರೀತಿಗೆ ಪಂಪಿನವನು ದೂರದಿಂದಲೇ ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದ. ಎಪ್ಪತ್ನಾಲ್ಕರಲ್ಲಿ ಪೆಟ್ರೋಲಿನ ದರ ಆಕಾಶಕ್ಕೆ ಹಾರಿದಾಗ ಡಾಜ್ ಗಿಡದ ಕೆಳಗೆ ನಿಂತಿತು. ಬಾನೆಟ್ಟಿನೊಳಗೆ ಗುಬ್ಬಿಗಳು ಮೂರು ತಲೆಮಾರು ಸಂಸಾರ ಮಾಡಿದವು. ಅತ್ತೆ ಬಂದಾಗೊಮ್ಮೆ ಅದನ್ನು ನೋಡಿ, "ಗೂಡ ಚಲೋ ಐತಿ" ಎನ್ನುತ್ತಿದ್ದಳು.

ಕೊನೆಗೆ ಸಾತಲಿಂಗಪ್ಪ ಗುಬ್ಬಿಗಳ ಗೂಡು ಬಿಡಿಸಿ, ಗಾಡಿಯನ್ನು ಎತ್ತು ಹೂಡಿ ಎಳೆಸಿಕೊಂಡು, ನಮ್ಮೂರ ಅಂಚಿನ ಅಕ್ಕಲಕೋಟ ನಾಕಾದ ಮಿಸ್ತ್ರಿ ಅಮೋಗಸಿದ್ಧನ ಗ್ಯಾರೇಜಿಗೆ ಹೋದ. ಡೀಸೆಲ್ ಇಂಜಿನ್ ಕೂಡಿಸಬೇಕು ಎಂದ. ಅಲ್ಲಿ ಎರಡು ಇಂಜಿನ್ನುಗಳಿದ್ದವು. ಒಂದು ನಾಲ್ಕು ಸಿಲಿಂಡರಿನ ಸಣ್ಣದು. ಇನ್ನೊಂದು ಮುರಿದ ಲಾರಿಯಿಂದ ಬಿಚ್ಚಿದ ಆರು ಸಿಲಿಂಡರಿನದು.

"ಸಣ್ಣದ ಸಾಕ್ರಿ ಸೇಠ್. ಕೂಸಿನಂಗ ಕುಂದರ್ತೈತಿ" ಎಂದ ಅಮೋಗಸಿದ್ಧ.

"ಚಪಳಗಾಂವದ ಜೀಪಿಗೆ ಎಷ್ಟ ಸಿಲಿಂಡರ?"

"ನಾಕ್ರಿ."

"ಹಂಗಾರ ಆರರದ ಹಾಕು."

"ಅದು ಆರ ಬೆರಳ ಉದ್ದ ಆಗ್ತೈತ್ರಿ. ಗಾಡಿ ಕೊರೀಬೇಕಾಗ್ತೈತಿ."

"ಕೊರಿ."

ಕೊರೆದರು. ಮುಂದೆ ರೇಡಿಯೇಟರು ಸರಿಸಿದರು. ಹಿಂದೆ, ಇಂಜಿನ್ನಿಗೂ ಸೀಟಿಗೂ ನಡುವಿನ ತಗಡಿನ ಗೋಡೆ ಕತ್ತರಿಸಿ, ಇಂಜಿನ್ನಿನ ಬಾಲವನ್ನು ಒಳಗೆ ಎಳೆದುಕೊಂಡು ಅದಕ್ಕೊಂದು ತಗಡಿನ ಡಬ್ಬಿ ಮುಚ್ಚಿದರು. ಪಕ್ಕದ ಸೀಟಿನವರು ಕಾಲಿಡುವ ಜಾಗವೆಲ್ಲ ಆ ಡಬ್ಬಿಗೆ ಹೋಯಿತು. ಅದರ ಮೇಲೆ ರೊಟ್ಟಿ ಬೇಯುತ್ತಿತ್ತು, ನಾನು ಉಪ್ಪಿನಕಾಯಿಯೊಂದಿಗೆ ತಿಂದು ನೋಡಿದ್ದೇನೆ. ಹಳೆಯ ಬ್ಯಾಟರಿಗೆ ಆ ಇಂಜಿನ್ನನ್ನು ಎಬ್ಬಿಸುವ ಕಸುವಿರಲಿಲ್ಲ, ಆದ್ದರಿಂದ ನೂಕಿ ಚಾಲೂ ಮಾಡಬೇಕು. ನಿಲ್ಲಿಸುವುದಾದರೆ ಚಾವಿ ತಿರುಗಿಸಿದರೆ ಅದು ಕೇಳುವುದಿಲ್ಲ, ಕಾಲ ಬಳಿಯ ತಂತಿ ಎಳೆಯಬೇಕು.

ಮೊದಲ ಸಲ ಚಾಲೂ ಆದಾಗಿನ ಸದ್ದಿಗೆ ಗಿರಣಿಯ ಭೋಂಗಾ ಕೂಗಿತೆಂದು ತಿಳಿದು ಅರ್ಧ ಊರು ಪಾಳಿಗೆ ಹೊರಟಿತು. ಸಾತಲಿಂಗಪ್ಪನ ಮುಖ ಅರಳಿತು. "ಚಪಳಗಾಂವಕ್ಕ ಕೇಳಿಸಿರಬೇಕಲ್ಲ?" ಎಂದು ನನ್ನನ್ನು ಕೇಳಿದ.

ಅಮೋಗಸಿದ್ಧ ಕೈ ಒರೆಸಿಕೊಳ್ಳುತ್ತ ಒಂದೇ ಮಾತು ಹೇಳಿದ: "ಮೂಗ ಭಾಳ ವಜನ ಆಗೇತ್ರಿ ಸೇಠ್. ಹಿಂದ ಯಾವಾಗ್ಲೂ ತುಂಬಿರಬೇಕು. ಇಲ್ಲಂದ್ರ ಹಿಂದಿನ ಗಾಲಿ ನೆಲಾ ಹಿಡ್ಯಂಗಿಲ್ಲ."

ಹದಿನೈದು ದಿನಕ್ಕೆ ಸಾತಲಿಂಗಪ್ಪನ ಬಸುರಿ ಮಗಳ ಕುಬಸದ ಕಾರ್ಯ ಬಂತು. ಮೊಮ್ಮಗಳಿಗೆ ಉಡಿ ತುಂಬಲು ಗಂಗುಬಾಯಿಯನ್ನು ಕರೆತರಬೇಕು. ಹಿಂದೆ ಭಾರಕ್ಕೆಂದು ಚಾದರದ ನಾಲ್ಕು ಗಂಟು, ಶಾರದಾಬಾಯಿ ಮತ್ತು ನನ್ನನ್ನು ಹೇರಿಕೊಂಡು ಡಾಜ್ ಅಕ್ಕಲಕೋಟಕ್ಕೆ ಹೊರಟಿತು. ಗಂಗುಬಾಯಿಯ ಮನೆ ಏರಿನ ಮೇಲಿದ್ದದ್ದು ನಮ್ಮ ಪುಣ್ಯ, ಬರುವಾಗ ನೂಕುವ ಕೆಲಸವಿಲ್ಲ. ಬಾಗಿಲಿಗೆ ಹೋದರೆ ಅಲ್ಲಿ ಆಗಲೇ ಶಿವಶರಣಪ್ಪನ ಜೀಪು. ಅವನು ಇಸ್ತ್ರಿಯ ಬಿಳಿ ಧೋತರ ಉಟ್ಟು, ಜೀಪಿನ ಸೀಟನ್ನು ಅತ್ತೆಗಾಗಿ ವಸ್ತ್ರದಿಂದ ಝಾಡಿಸುತ್ತಿದ್ದ.

ಸಾತಲಿಂಗಪ್ಪನ ಕಿವಿ ಕೆಂಪಾದವು. "ಅತ್ತಿ, ಇವತ್ತಿನ ಕಾರ್ಯಾ ನನ್ನ ಮನ್ಯಾಗಿಂದು. ನನ್ನ ಗಾಡ್ಯಾಗ ಬರ್ಬೇಕ್ರಿ."

"ಅಣ್ಣಾರ, ನಾ ಬರಾಕತ್ತೀನಲ್ಲ, ಹಿರ್ಯಾರಿಗೆ ಯಾಕ ತ್ರಾಸ?" ಎಂದ ಶಿವಶರಣಪ್ಪ, ಬಾಯಲ್ಲಿ ಬೆಲ್ಲವಿಟ್ಟುಕೊಂಡವನಂತೆ.

ಗಂಗುಬಾಯಿ ಡಾಜಿನ ಮುಂದೆ ಇಣುಕಿದಳು. "ಎಲ್ಲಿ ಕುಂದರ್ಲಿ? ಈ ಒಲಿ ಮ್ಯಾಲಾ?"

"ಹಿಂದ... ಅತ್ತಿ. ಹಿಂದ ವಜನ ಬೇಕ್ರಿ."

ಗಲ್ಲಿಯ ಜನ ಕಟ್ಟೆ ಬಿಟ್ಟು ಹತ್ತಿರ ಬಂದರು. ಸಾತಲಿಂಗಪ್ಪನ ಹಣೆಯಿಂದ ಇಳಿದ ಬೆವರಿನಲ್ಲಿ ಒಂದು ಎಕರೆ ಜೋಳ ಬೆಳೆಯಬಹುದಿತ್ತು. ಗಂಗುಬಾಯಿ ಮೈಕೈ ತುಂಬಿದ ಹೆಂಗಸು, ಮಾನವೂ ಅಷ್ಟೇ ತೂಕದ್ದು. ಆಕೆ ಗಾಡಿಯನ್ನು ಒಮ್ಮೆ ನೋಡಿದಳು, ಗಲ್ಲಿಯಲ್ಲಿ ಕೂಡಿದ ಜನರನ್ನು ಒಮ್ಮೆ ನೋಡಿದಳು.

"ಕುರ್ಚಿ ತರ್ರಿ" ಎಂದಳು.

ಪಡಸಾಲೆಯ ಕೈಕುರ್ಚಿಯನ್ನು ಹಿಂದೆ ಇಟ್ಟು ಹಗ್ಗದಿಂದ ಬಿಗಿದೆವು. ಆಕೆ ಏರಿ ಕೂತಳು. "ವಜನ ಬೇಕಂತಲ್ಲ, ನೀವೂ ಹತ್ರಿ" ಎಂದು ಶಿವಶರಣಪ್ಪನಿಗೆ ಅಪ್ಪಣೆಯಾಯಿತು. ಇಸ್ತ್ರಿಯ ಧೋತರ ಚಾದರದ ಗಂಟುಗಳ ನಡುವೆ ಮಡಚಿ ಕೂತಿತು. ಇಳಿಜಾರಿನಲ್ಲಿ ಉರುಳಿ ಡಾಜ್ ಚಾಲೂ ಆಯಿತು.

ಪೇಟೆಯಲ್ಲಿ ಆ ಸದ್ದಿಗೆ ತಿರುಗದ ಕತ್ತು ಉಳಿಯಲಿಲ್ಲ. ತಿರುಗಿದವರಿಗೆಲ್ಲ ಕಂಡದ್ದು ಕುರ್ಚಿಯ ಮೇಲೆ ಇಳಕಲ್ಲ ಸೀರೆಯುಟ್ಟು ಕೂತ ಗಂಗುಬಾಯಿ. ಬಾಳೆಹಣ್ಣಿನವಳು ತಕ್ಕಡಿ ಬಿಟ್ಟು ಕೈಮುಗಿದಳು. ಅಲ್ಲಿನ ಸ್ವಾಮಿಯ ಮಠಕ್ಕೆ ದರ್ಶನಕ್ಕೆಂದು ಬಂದ ಪರವೂರಿನ ಭಕ್ತರು, ಯಾರೋ ಏನೋ, ಇರಲಿ ಎಂದು ಅವರೂ ಮುಗಿದರು. "ಗಂಗಕ್ಕಾ, ಎಲ್ಲಿಗೆ?" ಎಂದು ಒಬ್ಬ ಕೂಗಿದ. ಆಕೆ ಸಂಸ್ಥಾನದ ರಾಣಿಯಂತೆ ಎರಡು ಬೆರಳು ಎತ್ತಿದಳು. ಜೀಪಿನೊಳಗೆ ಇಷ್ಟು ವರ್ಷ ಆಕೆಯ ಸೆರಗೂ ಯಾರಿಗೂ ಕಂಡಿರಲಿಲ್ಲ.

ಪೇಟೆ ದಾಟಿದ ಮೇಲೆ ಆಕೆ ತೃಪ್ತಿಯಿಂದ ಉಸಿರು ಬಿಟ್ಟು, ಸ್ಪಷ್ಟವಾಗಿ ಹೇಳಿದಳು: "ಸಾತಲಿಂಗಪ್ಪ ಅಂದ್ರ ನನ್ನ ಹೊಟ್ಟ್ಯಾಗ ಹುಟ್ಟಿದ ಮಗಾ ಇದ್ದಂಗ."

ನಾನು ಕೇಳಿದೆ. ಶಾರದಾಬಾಯಿ ಕೇಳಿದಳು. ಶಿವಶರಣಪ್ಪ ಕೇಳಿದ. ಆರು ಸಿಲಿಂಡರನ್ನು ಮಗ್ಗುಲಲ್ಲೇ ಇಟ್ಟುಕೊಂಡಿದ್ದ ಸಾತಲಿಂಗಪ್ಪ ಮಾತ್ರ ಕೇಳಲಿಲ್ಲ. ಕನ್ನಡಿಯಲ್ಲಿ ಅತ್ತೆಯ ತುಟಿ ಆಡಿದ್ದನ್ನಷ್ಟೇ ಕಂಡ. ತಡೆಯಲಾರದೆ ನಟ್ಟನಡು ರಸ್ತೆಯಲ್ಲಿ ತಂತಿ ಎಳೆದುಬಿಟ್ಟ. ಗಾಡಿ ನಿಂತಿತು.

"ಏನಂದ್ರಿ ಅತ್ತಿ?"

"ಅನ್ನೂದ ಅಂದೆ. ಎರಡೆರಡ ಸಲ ಅನ್ನಾಕ ನಾ ಏನ್ ರೇಡಿಯೋನ?"

ಶಾರದಾಬಾಯಿ ಆ ಮಾತನ್ನು ಹೇಳಿದಳು. "ನೀ ನನ್ನ ಸಮಾಧಾನಕ್ಕ ಹೇಳ್ತಿ" ಎಂದ. ನಾನು ಹೇಳಿದೆ. "ನೀವು ಸುಮ್ನಿರ್ರಿ. ರೊಟ್ಟಿ ಇಂಜಿನ್ ಮ್ಯಾಲ ಬೇಯಿಸಿದೆ ಅನ್ನೂ ಮನಷ್ಯಾ" ಎಂದ. ಇಷ್ಟು ವರ್ಷ ಬುರುಡೆ ಬಿಟ್ಟದ್ದರ ಫಲ ನನಗೆ ಅಲ್ಲಿ ಸಿಕ್ಕಿತು.

ಕೊನೆಗೆ ಷಡ್ಡಕನತ್ತ ತಿರುಗಿದ. "ಶಿವಶರಣಪ್ಪಾ, ನೀ ಹೇಳಪಾ. ಅತ್ತಿ ಏನಂದ್ರು?"

"ನನಗೇನೂ ಕೇಳಸಲಿಲ್ರಿ, ಅಣ್ಣಾರ."

ಹೇಳಿದವನ ಮುಖ ಹಿಂದಿನ ದಿನದ ಭಜಿಯಂತೆ ಕುಸಿದು ಕೂತಿತ್ತು. ಕಿವಿ ಕೆಂಪಾಗಿದ್ದವು. ಆ ಮುಖವನ್ನು ಸಾತಲಿಂಗಪ್ಪ ಗುರುತಿಸದೆ ಇರುತ್ತಾನೆಯೇ? ವರ್ಷಗಟ್ಟಲೆ ಬೆಳಗಾದರೆ ಕನ್ನಡಿಯಲ್ಲಿ ನೋಡಿದ್ದು ಅದನ್ನೇ. ಕಣ್ಣು ಕಿರಿದು ಮಾಡಿ ಅಕ್ಷರ ಅಕ್ಷರವಾಗಿ ಓದಿದ. ಅತ್ತೆ ಅಂದದ್ದೆಲ್ಲ ಅಲ್ಲಿ ಬರೆದಿತ್ತು.

"ಇರ್ಲಿ ಬಿಡು" ಎಂದ, ಹಬ್ಬದ ಧ್ವನಿಯಲ್ಲಿ. "ಇಳದ ಸ್ವಲ್ಪ ನೂಕ್ತೀಯಾ?"

ಶಿವಶರಣಪ್ಪ ಇಳಿದು ಧೋತರ ಎತ್ತಿ ಕಟ್ಟಿದ. ಗಂಗುಬಾಯಿ ಕುರ್ಚಿಯಿಂದ ಇಳಿಯಲಿಲ್ಲ. ಡಾಜ್ ಚಾಲೂ ಆಗುವಾಗ ಬಿಟ್ಟ ಹೊಗೆಯಿಂದ ಅವನು ಹೊರಗೆ ಬರುವಷ್ಟರಲ್ಲಿ ಇಸ್ತ್ರಿಯ ಧೋತರ ಕಂಬಳಿಯಾಗಿತ್ತು.

ಮರುತಿಂಗಳು ನಾನು ಅಮೋಗಸಿದ್ಧನ ಗ್ಯಾರೇಜಿನ ಮುಂದೆ ಹಾದು ಹೋದೆ. ಚಪಳಗಾಂವದ ಜೀಪು ಅಲ್ಲಿ ನಿಂತಿತ್ತು. ಅದರ ಮಾಡು ಬಿಚ್ಚಿ, ಹಿಂದೆ ಒಂದು ಕುರ್ಚಿ ಬೆಸೆಯುತ್ತಿದ್ದರು. ಡಾಜಿನಲ್ಲಿದ್ದದ್ದಕ್ಕಿಂತ ಅದು ನಾಲ್ಕು ಬೆರಳು ಎತ್ತರವಿತ್ತು.