ಎಲ್ಲಿಗೆ ಎಂದು ಕೇಳದ ಮನೆ

ಗಡಿನಾಡಿನ ಶೇಗಾಂವದ ಉಮಾಶ್ರೀಗೆ ತಲೆ ಕೆಟ್ಟಿದೆ ಎಂದು ಅರ್ಧ ಓಣಿ ನಂಬಿತ್ತು. ಇಲ್ಲದಿದ್ದರೆ ಜೋಳದ ವ್ಯಾಪಾರಿಯ ಹೆಂಡತಿ ರೊಟ್ಟಿ ಬಡಿಯುತ್ತ, ಸತ್ತು ಎರಡು ಸಾವಿರ ವರ್ಷವಾದ ಭಾಷೆಯನ್ನು ಕಲಿಯುತ್ತಾಳೆಯೇ? ಅಕ್ಕಾಡಿಯನ್ ಅಂತೆ, ಇರಾಕಿನ ಕಡೆಯವರು ಹಸಿಮಣ್ಣಿನ ಮೇಲೆ ಗೀರಿ ಬರೆಯುತ್ತಿದ್ದದ್ದು. ಪುಣೆಯ ಮೇಷ್ಟರೊಬ್ಬರು ಫೋನಿನಲ್ಲಿ ಮರಾಠಿಯಲ್ಲಿ ಪಾಠ ಹೇಳುತ್ತಿದ್ದರು. ಕಾಲೇಜು ಬಿಡಿಸಿ ಮದುವೆ ಮಾಡಿದ್ದರ ಸೇಡನ್ನು ಅವಳು ಹೀಗೆ ತೀರಿಸಿಕೊಳ್ಳುತ್ತಿದ್ದಳು. ಅದರಲ್ಲಿ ತಪ್ಪೇನಿತ್ತು?

ಆ ಬೆಳಿಗ್ಗೆಯ ಪಾಠ 'ಅಲಾಕು', ಅಂದರೆ ಹೋಗುವುದು. ಉಮಾಶ್ರೀ ಅರ್ಥ ಸಮೇತ ಗಟ್ಟಿಯಾಗಿ ಒಪ್ಪಿಸಿದಳು. ಇಲ್ಲಿಕ್, ಹೋದ. ಇಲ್ಲಕ್, ಹೋಗುತ್ತಾನೆ. ಅಲಿಕ್, ಹೋಗು. ಮೂಲದಲ್ಲಿ ಪದದ ಮೊದಲಿಗೊಂದು ಹಕಾರವಿತ್ತು, ಅಕ್ಕಾಡಿಯನ್ನರು ಅದನ್ನು ನುಂಗಿಬಿಟ್ಟರು ಎಂದರು ಮೇಷ್ಟರು. ಅರಬರು ಉಳಿಸಿಕೊಂಡರು, ಆದರೆ ಅವರ ಬಾಯಲ್ಲಿ ಅದು ನಾಶವಾಗು, ಸಾಯಿ ಎಂದಾಯಿತು. ಉರ್ದುವಿನ 'ಹಲಾಕ್' ಅದೇ.

"ಮುಂಜಾನೆದ್ದು ಹೋಗು ಹೋಗು ಅಂತ ಏನ್ ಹಚ್ಚೀಯವ್ವ?" ಅತ್ತೆ ಸಾವಿತ್ರೆವ್ವ ಗದರಿದಳು.

ಅಷ್ಟರಲ್ಲಿ ಗಂಡ ಸಿದ್ದಾರೂಢ ಮೋಟಾರ್‌ಸೈಕಲ್ಲಿನ ಕೀಲಿ ಹಿಡಿದು ಹೊರಬಂದ. ಎದೆ ತಿಕ್ಕಿಕೊಳ್ಳುತ್ತಿದ್ದ, ಮುಖವೆಲ್ಲ ಬೆವರು. ಉಮಾಶ್ರೀ ಗಾಬರಿಯಾಗಿ ಎದ್ದಳು. "ಎಲ್ಲಿ..."

ಸಾವಿತ್ರೆವ್ವ ಸೊಸೆಯ ಮುಂಗೈ ಹಿಡಿದು ಸುಮ್ಮನಾಗಿಸಿದಳು. ಹೊಸ್ತಿಲು ದಾಟುವವರನ್ನು ಎಲ್ಲಿಗೆ ಎಂದು ಕೇಳಿದರೆ ಹೊರಟ ಕೆಲಸ ಕೆಡುತ್ತದೆ ಎಂಬುದು ಆ ಮನೆಯ ಕಟ್ಟುಪಾಡು. ಸಿದ್ದಾರೂಢ "ಬರ್ತೀನಿ" ಎಂದವನೇ ಹೊರಟುಹೋದ. ಕೇಳಬೇಕಿತ್ತು, ಹಾಳಾದ ಶಾಸ್ತ್ರವನ್ನು ಒಲೆಗೆ ಹಾಕಿ ಕೇಳಬೇಕಿತ್ತು. ಉಮಾಶ್ರೀ ಕೇಳಲಿಲ್ಲ.

ಮಧ್ಯಾಹ್ನ ಅವನು ಊಟಕ್ಕೆ ಬರಲಿಲ್ಲ, ಫೋನೂ ಎತ್ತಲಿಲ್ಲ.

"ಮಾಡಗ್ಯಾಳಕ್ಕ ಹೋಗಿರ್ತಾನ. ಅಲ್ಲಿ ಜ್ವಾಳ ನೋಡೂದಿತ್ತು," ಎಂದಳು ಸಾವಿತ್ರೆವ್ವ. ಪಕ್ಕದ ಮನೆಯ ಗುರುಸಿದ್ದ ಹುಡುಗರನ್ನು ಕಟ್ಟಿಕೊಂಡು ಆ ದಾರಿಯ ಹಳ್ಳಕೊಳ್ಳಗಳನ್ನೆಲ್ಲ ಜಾಲಾಡಿದ. ಇತ್ತ ಉಮಾಶ್ರೀ ಒಳಗೂ ನಿಲ್ಲಲಾರದೆ ಹೊರಗೂ ನಿಲ್ಲಲಾರದೆ ಒದ್ದಾಡಿದಳು. ಗಂಡನಿಗೆ ಪರಿಚಯದ ಡಾಕ್ಟರು ಇನ್ನೊಂದು ದಾರಿಯ ಸೊರಡಿಯಲ್ಲಿದ್ದಾರೆ ಎಂಬುದು ಹೊಳೆದಾಗ ಹೊತ್ತು ಇಳಿದಿತ್ತು.

"ಸೊರಡಿ ದಾರಿ ನೋಡ್ರಿ, ಲಗೂನ!" ಎಂದು ಗುರುಸಿದ್ದನಿಗೆ ಫೋನಿನಲ್ಲಿ ಕಿರುಚಿದಳು.

ಅರ್ಧ ದಾರಿಯಲ್ಲಿ ಬೇವಿನ ಮರದ ಕೆಳಗೆ ಸಿದ್ದಾರೂಢ ಸಿಕ್ಕ. ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ನೆರಳಿಗೆ ಕುಳಿತವನು ಬುಡಕ್ಕೆ ಒರಗಿದ್ದ. ಗುರುಸಿದ್ದ ಅಂಗಿಯೊಳಗೆ ಕೈಯಿಟ್ಟು ನೋಡಿದ. ಉಸಿರಿರಲಿಲ್ಲ, ಆದರೆ ಮೈ ಇನ್ನೂ ಬೆಚ್ಚಗಿತ್ತು.

ಹುಡುಗರು ಅತ್ತೆ ಸೊಸೆ ಇಬ್ಬರನ್ನೂ ಅಲ್ಲಿಗೇ ಕರೆತಂದರು. ಉಮಾಶ್ರೀ ಸೆರಗಿನಿಂದ ಅವನ ಮುಖ ಒರೆಸಿದಳು. ಸಾವಿತ್ರೆವ್ವ ಮಗನ ಗಲ್ಲ ಹಿಡಿದು ಅಲುಗಿಸಿದಳು.

"ಎಲ್ಲಿಗೆ ಹೊಂಟಿದ್ಯೋ ಸಿದ್ದೂ?" ಎಂದಳು. "ಹೇಳೋ, ಎಲ್ಲಿಗೆ ಹೊಂಟಿದ್ದಿ?"