ಯಾರ ಕಾರು, ಯಾರ ಚೆಂಡು

ಮಸ್ಕತ್ತಿನಲ್ಲಿ ನಮ್ಮ ಕಡೆಯ ನಾಲ್ಕು ಮನೆಯವರು ಸೇರಿದಲ್ಲೆಲ್ಲ ಆ ಕತೆ ಬರುತ್ತಿತ್ತು. ನಮ್ಮಪ್ಪ ಮೇಲಿನ ಮಹಡಿಯ ಅಂಕಲ್‌ನ ಹೊಸ ಕಾರನ್ನು ಒಂದು ದಿನದ ಮಟ್ಟಿಗೆ ಕೇಳಿ ಪಡೆದದ್ದು, ಪಿಕ್ನಿಕ್ಕಿಗೆ ಹೋಗಿ ಗೊತ್ತಿಲ್ಲದೆ ಗಾಲ್ಫ್ ಮೈದಾನದೊಳಗೆ ನಿಲ್ಲಿಸಿದ್ದು, ಯಾರೋ ಬಿಳಿಯ ಸಾಹೇಬ ಹೊಡೆದ ಚೆಂಡು ಹಾರಿ ಬಂದು ಮುಂದಿನ ಗಾಜು ಒಡೆದದ್ದು, ಅಂಕಲ್ ಒಂದು ಮಾತೂ ಬೈಯದೆ ತಾನೇ ಹೊಸ ಗಾಜು ಹಾಕಿಸಿಕೊಂಡದ್ದು. ಕೊನೆಗೆ ಎಲ್ಲರೂ ಅಂಕಲ್‌ನ ದೊಡ್ಡ ಮನಸ್ಸಿಗೆ ತಲೆದೂಗಿ, ಅಪ್ಪನ ಕಡೆ ನೋಡಿ ನಗುತ್ತಿದ್ದರು. ಅಪ್ಪನೂ ನಗುತ್ತಿದ್ದರು.

ಕಾರು ಅಂಕಲ್‌ನದು, ನಿಜ. ಗಾಜು ಒಡೆದದ್ದು ನಿಜ. ನಾವು ಕೂತದ್ದು ಗಾಲ್ಫ್ ಮೈದಾನದಲ್ಲಿ ಎಂಬುದೂ ನಿಜ. ಉಳಿದದ್ದನ್ನು ನಾನು ಒಪ್ಪುವುದಿಲ್ಲ. ಶಾಲೆಯ ಚರ್ಚಾಕೂಟದಲ್ಲಿ ನಮಗೆ ಮೊದಲು ಕಲಿಸಿದ್ದೇ ಇದು: ಎದುರಾಳಿಯ ಮಾತಿನಲ್ಲಿ ಸುಳ್ಳು ಹುಡುಕುವ ಮೊದಲು, ಅವನು ಹೇಳದೆ ಬಿಟ್ಟದ್ದನ್ನು ಹುಡುಕು. ಈ ಕತೆಯಲ್ಲಿ ಒಬ್ಬ ಮನುಷ್ಯನನ್ನೇ ಬಿಟ್ಟಿದ್ದರು.

ಎಂಬತ್ತರ ದಶಕದ ಕೊನೆಯ ಒಂದು ಚಳಿಗಾಲ, ಶುಕ್ರವಾರ, ಅಲ್ಲಿ ವಾರದ ರಜೆ. ನನಗೆ ಹದಿಮೂರು. ಅಪ್ಪ ಮಸ್ಕತ್ತಿನ ಘಾಲಾ ಎಂಬಲ್ಲಿ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್. ತುಂಬಾ ಒದ್ದಾಡಿ ಡ್ರೈವಿಂಗ್ ಲೈಸೆನ್ಸ್ ತೆಗೆದುಕೊಂಡಿದ್ದರು, ಕಾರು ಮಾತ್ರ ಇರಲಿಲ್ಲ. ಯಾರ ಹತ್ತಿರವೂ ಏನನ್ನೂ ಕೇಳುವ ಜನವಲ್ಲ. ಮೇಲಿನ ಮನೆಯ ಅಂಕಲ್, ಆಂಟಿ ಮಂಗಳೂರಿನ ಕೊಂಕಣಿ ಕ್ರೈಸ್ತರು, ಮಕ್ಕಳಿರಲಿಲ್ಲ. ಅಂಕಲ್‌ಗೆ ದೊಡ್ಡ ಕಂಪೆನಿಯೊಂದರಲ್ಲಿ ಆಫೀಸಿನ ಕೆಲಸ. ಕೆಲವು ತಿಂಗಳಿಂದ ಶುಕ್ರವಾರವೂ ಡ್ಯೂಟಿ ಎಂದು ಕಂಪೆನಿಯ ಗಾಡಿ ಬಂದು ಅವರನ್ನು ಕರೆದೊಯ್ಯುತ್ತಿತ್ತು. "ನನ್ನ ಕಾರು ಸುಮ್ಮನೆ ನಿಂತಿರ್ತದೆ ಮಾರಾಯ, ಹೆಂಗಸರನ್ನು ಎಲ್ಲಿಗಾದರೂ ಕರ್ಕೊಂಡು ಹೋಗು. ಇವಳಿಗೂ ಬೇಜಾರು" ಎಂದು ಅಂಕಲ್ ತಾವಾಗಿಯೇ ಹೇಳಿದ್ದರು. ಅಪ್ಪ ಕೇಳಿ ಪಡೆದರು ಅನ್ನುವುದೂ ಅಲ್ಲಿಗೆ ಸುಳ್ಳಾಯಿತಲ್ಲ.

ಆಂಟಿ ಚರ್ಚಿನ ಬೆಳಗಿನ ಪೂಜೆ ಮುಗಿಸಿ, ಇಗರ್ಜಿಗೆ ಉಟ್ಟ ನೀಲಿ ಸೀರೆಯಲ್ಲೇ ಕಾರು ಹತ್ತಿದರು. ಸೀಟಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ, ಕನ್ನಡಿಯಿಂದ ಕಪ್ಪು ಮಣಿಯ ಜಪಮಾಲೆ ತೂಗುತ್ತಿತ್ತು. ಅಪ್ಪ ಕಾರನ್ನು ಗುಡಿಯೊಳಗೆ ಹೆಜ್ಜೆ ಇಟ್ಟ ಹಾಗೆ ಓಡಿಸಿದರು.

ಗಾಲ್ಫ್ ಎಂದರೆ ಹಸಿರು ಹುಲ್ಲು ಎಂದುಕೊಂಡವರಿಗೆ ಇದನ್ನು ಹೇಳಬೇಕು. ಆ ಮೈದಾನದಲ್ಲಿ ಹುಲ್ಲಿನ ಒಂದು ಎಸಳೂ ಇರಲಿಲ್ಲ. ಸುತ್ತಲಿನ ನೆಲದ ಹಾಗೆಯೇ ಕಲ್ಲು, ಜಲ್ಲಿ, ಮುಳ್ಳುಗಿಡ. ಬೇಲಿ ಇಲ್ಲ, ದೂರ ದೂರಕ್ಕೆ ಸುಣ್ಣ ಬಳಿದ ಕಲ್ಲುಗಳು ಅಷ್ಟೆ. ಆಡುವವರು ಪ್ಲಾಸ್ಟಿಕ್ ಹುಲ್ಲಿನ ಸಣ್ಣ ಚಾಪೆಯೊಂದನ್ನು ಜೊತೆಗೇ ಹೊತ್ತು, ಹೊಡೆಯುವಾಗ ಅದನ್ನು ಹಾಸಿ ಚೆಂಡಿಡುತ್ತಿದ್ದರು. ಚೆಂಡು ಬೀಳಬೇಕಾದ ಕುಳಿಯ ಸುತ್ತ ಮಾತ್ರ ಮರಳಿಗೆ ಎಣ್ಣೆ ಬೆರೆಸಿ, ಗುಡಿಸಿ, ಸಪಾಟು ಮಾಡಿರುತ್ತಿದ್ದರು. ಇದೆಲ್ಲ ನಮಗೆ ತಿಳಿದದ್ದು ಆಮೇಲೆ.

ಅವತ್ತು ಅಮ್ಮನಿಗೆ ಕಂಡದ್ದು ಬೇರೆಯೇ. "ಹೋಯ್, ಅಲ್ಲಿ ನೋಡಿ! ಅಂಗಳಕ್ಕೆ ಸೆಗಣಿ ಸಾರಿಸಿದ ಹಾಗೆ ಉಂಟು."

ಹಾಗೆಯೇ ಇತ್ತು. ಕಲ್ಲಿನ ನಡುವೆ ಕಪ್ಪಗೆ, ನುಣ್ಣಗೆ, ದುಂಡಗೆ ಒಂದು ಜಾಗ.

"ಮುನ್ಸಿಪಾಲಿಟಿಯವರು ಪಿಕ್ನಿಕ್ಕಿಗೇ ಅಂತ ಮಾಡಿದ್ದು. ಈ ದೇಶದಲ್ಲಿ ಎಲ್ಲ ಸಿಸ್ಟಮ್ಯಾಟಿಕ್" ಎಂದರು ಅಪ್ಪ. ನಡುವೆ ಒಂದು ಕೋಲು, ತುದಿಗೆ ಸಣ್ಣ ಬಾವುಟ. ಅದನ್ನು ರಸ್ತೆ ಅಳೆಯುವವರು ಬಿಟ್ಟುಹೋದದ್ದೆಂದು ತೀರ್ಮಾನಿಸಿ, ಹಾಸಿಗೆಯ ಬಟ್ಟೆಯ ಒಂದು ತುದಿಯನ್ನು ಅದಕ್ಕೂ ಇನ್ನೊಂದನ್ನು ಕಾರಿನ ಬಾಗಿಲಿಗೂ ಕಟ್ಟಿ ನೆರಳು ಮಾಡಿದರು. ಸಾರಿಸಿದ ಅಂಗಳದಂಥ ನೆಲ ನೋಡಿ ನಾವೆಲ್ಲ ಅಂಚಿನಲ್ಲೇ ಚಪ್ಪಲಿ ಬಿಟ್ಟೆವು. ಯಾರೂ ಬಿಡಿ ಎಂದು ಹೇಳಲಿಲ್ಲ.

ಅಮ್ಮ ಕೋರಿ ರೊಟ್ಟಿ, ಅದರ ಕೋಳಿ ಸಾರು ತೆಗೆದರು. ಆಂಟಿ ಇಡ್ಲಿಯಂಥ ಸನ್ನ ಮಾಡಿ ತಂದಿದ್ದರು. ಒಂದು ಸ್ಟೀಲ್ ಡಬ್ಬಿಯನ್ನು ಮಾತ್ರ ಬದಿಗೆ ಸರಿಸಿ, "ಇದಕ್ಕೆ ಕೈ ಹಾಕ್ಬೇಡಿ, ಇದು ಅವರಿಗೆ. ಪಾಪ, ಶುಕ್ರವಾರವೂ ದುಡೀತಾರೆ. ಪೂಜೆಗೂ ಬರ್ಲಿಕ್ಕೆ ಆಗ್ಲಿಲ್ಲ" ಎಂದರು.

"ಪೊರ್ಬುಗಳು ಒಂದು ದಿನ ಆ ಕಂಪೆನಿಯನ್ನೇ ಕೊಂಡ್ಕೊಳ್ತಾರೆ ಬಾಯಮ್ಮ" ಎಂದರು ಅಪ್ಪ. ನಮ್ಮ ಕಡೆ ಕೊಂಕಣಿ ಕ್ರೈಸ್ತರನ್ನು ಹಾಗೆಯೇ ಕರೆಯುವುದು, ಗಂಡಸರಿಗೆ ಪೊರ್ಬು, ಹೆಂಗಸರಿಗೆ ಬಾಯಮ್ಮ. ಆಂಟಿ ನಕ್ಕರು. ಬಾಯಲ್ಲಿ ತುತ್ತಿರುವಾಗಲೇ ಬೆನ್ನ ಹಿಂದೆ ಪಟಾಕಿ ಸಿಡಿದಂಥ ಸದ್ದು.

ತಿರುಗಿ ನೋಡಿದಾಗ ಮುಂದಿನ ಗಾಜು ಪೂರ್ತಿ ಬೆಳ್ಳಗಾಗಿತ್ತು. ನೋಡನೋಡುತ್ತ ಕಲ್ಲುಸಕ್ಕರೆ ಚೆಲ್ಲಿದ ಹಾಗೆ ಒಳಗೆ ಸುರಿಯಿತು. ಡ್ರೈವರ್ ಸೀಟಿನ ಪ್ಲಾಸ್ಟಿಕ್ಕಿನ ಮೇಲೆ ಒಂದು ಬಿಳಿ ಚೆಂಡು ಏನೂ ಆಗಿಲ್ಲವೆಂಬಂತೆ ಕೂತಿತ್ತು. ಜಪಮಾಲೆ ಇನ್ನೂ ತೂಗಾಡುತ್ತಿತ್ತು.

ಅಪ್ಪ ಎದ್ದು ನಿಂತರು, ಕೈಯೆಲ್ಲ ಸಾರು. "ಇನ್ನು ನಾನು ಪೊರ್ಬುಗಳಿಗೆ ಎಂತ ಮುಖ ತೋರಿಸುವುದು?" ಅದನ್ನೇ ಹೇಳುತ್ತ ಕಾರಿಗೆ ಸುತ್ತು ಬಂದರು.

"ಹೊಡೆದವರು ಬರ್ತಾರೆ ಅಣ್ಣಾ, ಅವರದ್ದೇ ಜವಾಬ್ದಾರಿ. ನಮ್ಮವರು ನಿಮಗೆ ಒಂದು ಮಾತೂ ಹೇಳ್ಲಿಕ್ಕಿಲ್ಲ" ಎಂದು ಆಂಟಿ ಸಮಾಧಾನ ಮಾಡಿದರು.

ಹೊಡೆದವರು ಬಂದರು. ದಿಣ್ಣೆಯ ಆ ಕಡೆಯಿಂದ ಮೊದಲು ಎರಡು ಟೋಪಿ ಕಂಡವು. ಒಬ್ಬ ಕೆಂಪು ಮುಖದ ಇಂಗ್ಲಿಷ್ ಸಾಹೇಬ. ಅವನ ಹಿಂದೆ, ಹೆಗಲ ಮೇಲೆ ಕೋಲು, ಕಂಕುಳಲ್ಲಿ ಪ್ಲಾಸ್ಟಿಕ್ ಹುಲ್ಲು ಇಟ್ಟುಕೊಂಡು ಬರುತ್ತಿದ್ದವರ ನಡಿಗೆ ನನಗೆ ಗೊತ್ತು. ಮನೆಯ ಮೆಟ್ಟಿಲ ಮೇಲೆ ದಿನಾ ನೋಡುವ ನಡಿಗೆ. ಅಂಕಲ್.

ನನಗೆ ಮೊದಲು ಆದದ್ದು ಖುಷಿ. ಅಪ್ಪ ಮುಖ ತೋರಿಸಲು ಹೆದರುತ್ತಿದ್ದ ಮನುಷ್ಯ ತಾನಾಗಿಯೇ ಬರುತ್ತಿದ್ದಾರೆ! ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಆಂಟಿ ಎದ್ದು ನಿಂತದ್ದನ್ನೂ, ಅಂಕಲ್‌ನ ಕಣ್ಣು ಅವರ ಮೇಲೆ ಬಿದ್ದು ಅಲ್ಲಿಂದ ಜಾರಿ ಕಾರಿಗೆ ಹೋದದ್ದನ್ನೂ ಕಂಡೆ.

ಯಾರಿಗಾದರೂ ಪೆಟ್ಟಾಯಿತಾ ಎಂದು ಸಾಹೇಬ ವಿಚಾರಿಸಿದ. ಆಮೇಲೆ ಅಂಕಲ್ ಕಡೆ ತಿರುಗಿ, ದಿಣ್ಣೆಯಾಚೆ ಯಾರಿದ್ದಾರೆಂದು ನೋಡಿಕೊಂಡು ಹೊಡೆಯಬೇಕಿತ್ತು, ಚೆಂಡು ನಿನ್ನದು ಎಂದ. ಇಂಡಿಯನ್ ಸ್ಕೂಲಿನವಳಿಗೆ ಅಷ್ಟು ಇಂಗ್ಲಿಷ್ ಅರ್ಥವಾಗದೆ ಇರುತ್ತದಾ?

ಅಂಕಲ್ ಒಡೆದ ಗಾಜನ್ನು ನೋಡಿದರು, ಜಪಮಾಲೆಯನ್ನು ನೋಡಿದರು, ಬಾವುಟಕ್ಕೆ ಕಟ್ಟಿದ ನಮ್ಮ ಹೂವಿನ ಬಟ್ಟೆಯನ್ನು, ಸಾರು ಸುರಿಯುತ್ತಿದ್ದ ಅಪ್ಪನ ಕೈಯನ್ನು ನೋಡಿದರು. ಆಮೇಲೆ ಅಪ್ಪನನ್ನು ಕೇಳಿದರು:

"ಈಸ್ ದಿಸ್ ಯುವರ್ ಕಾರ್?"

ಗುರುವಾರ ಸಂಜೆಯಷ್ಟೇ ನಮ್ಮ ಮನೆಯ ಚಾಪೆಯಲ್ಲಿ ಕೂತು ಅಪ್ಪನ ಜೊತೆ ಇಸ್ಪೀಟು ಆಡಿ, ಸೋತು, ಹುಸಿಮುನಿಸು ತೋರಿಸಿ ಎದ್ದುಹೋದ ಮನುಷ್ಯ.

ಅಪ್ಪ ಒಮ್ಮೆ ಆಂಟಿಯ ಕಡೆ ನೋಡಿದರು. "ಯೆಸ್ ಸರ್" ಎಂದರು. "ಮೈ ಕಾರ್."

ಆ 'ಸರ್' ಕೇಳಿ ನನ್ನ ಕಿವಿ ಬಿಸಿಯಾಯಿತು. ಅಮ್ಮ ನನ್ನ ತೋಳನ್ನು ಉಗುರು ನಾಟುವಂತೆ ಹಿಡಿದಿದ್ದರು.

ಸಾಹೇಬ ನ್ಯಾಯದ ಮಾತನ್ನೇ ಆಡಿದ. ಯಾರು ಹೊಡೆದರೋ ಚೆಂಡು ಹೋದಲ್ಲಿನ ಜವಾಬ್ದಾರಿ ಅವರದ್ದು, ನಿನ್ನ ಹೆಸರು, ವಿಳಾಸ ಇವರಿಗೆ ಕೊಡು ಎಂದು ಅಂಕಲ್‌ಗೆ ಹೇಳಿದ. ಅಂಕಲ್ ವಾದಿಸಿದರು. ಸುಣ್ಣದ ಕಲ್ಲು ಉಂಟು, ಬಾವುಟ ಉಂಟು, ಇವರು ಇಲ್ಲಿ ಬಂದು ಕೂತದ್ದೇ ತಪ್ಪು, ಯಾವುದೋ ಲೇಬರ್ ಕ್ಯಾಂಪಿನವರಿರಬೇಕು ಸರ್, ಇವರಿಗೆ ಇದೆಲ್ಲ ಎಲ್ಲಿ ಗೊತ್ತಾಗ್ತದೆ. ಆಟದ ನಿಯಮದ ಮಟ್ಟಿಗೆ ಅಂಕಲ್ ಹೇಳಿದ್ದರಲ್ಲೂ ಹುರುಳಿತ್ತು, ಒಪ್ಪುತ್ತೇನೆ. ಕಾರು ನಿಲ್ಲಿಸಬಾರದ ಜಾಗದಲ್ಲಿ ನಿಲ್ಲಿಸಿದವರಿಗೂ ಒಂದು ಪಾಲು ಇದ್ದೇ ಇದೆ. ಆದರೆ ಯಾವುದೋ ಕ್ಯಾಂಪಿನವರು! ನೀಲಿ ಸೀರೆಯ ಹೆಂಡತಿ ಅಲ್ಲೇ ನಿಂತಿದ್ದರು, ಅಂಕಲ್‌ಗೆಂದು ಎತ್ತಿಟ್ಟ ಡಬ್ಬಿ ಆಂಟಿಯ ಕಾಲ ಬಳಿಯೇ ಇತ್ತು.

"ಸಾರಿ ಸರ್, ಅವರ್ ಮಿಸ್ಟೇಕ್" ಎಂದು ಅಪ್ಪ ಬಾವುಟದಿಂದ ಬಟ್ಟೆ ಬಿಚ್ಚತೊಡಗಿದರು. ಸಾಹೇಬ ಭುಜ ಕುಣಿಸಿದ. ಹೊರಡುವ ಮುನ್ನ ಟೋಪಿ ತೆಗೆದು, ಅಮ್ಮನಿಗೊಮ್ಮೆ, ಆಂಟಿಗೊಮ್ಮೆ ತಲೆಬಾಗಿ "ಸಾರಿ ಮೇಡಂ" ಎಂದ. ಆಂಟಿಯ ಮುಖ ನೋಡಿ ಮಾತಾಡಿದವನು ಅವನೊಬ್ಬನೇ. ಅಂಕಲ್ ಆಗ ಗುಡ್ಡ ನೋಡುತ್ತಿದ್ದರು.

ಮರಳುವಾಗ ಮುಂದೆ ಗಾಜಿಲ್ಲ. ಗಾಳಿ, ಮರಳು ಎಲ್ಲ ಮುಖಕ್ಕೆ. ಅಪ್ಪ ಕಣ್ಣು ಕಿರಿದು ಮಾಡಿ ಆಮೆಯ ಹಾಗೆ ಓಡಿಸಿದರು, ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು. ಆಂಟಿ ಹಿಂದೆ ನನ್ನ ಪಕ್ಕ, ಡಬ್ಬಿಯನ್ನು ಎರಡೂ ಕೈಯಿಂದ ಮಡಿಲಲ್ಲಿ ಒತ್ತಿ ಹಿಡಿದು ಕೂತಿದ್ದರು.

ಇಷ್ಟಕ್ಕೇ ಮುಗಿದಿದ್ದರೆ ಅಂಕಲ್ ಆ ಕ್ಷಣ ಗಾಬರಿಯಾಗಿದ್ದರು ಎಂದು ನಾನೇ ಅವರ ಪರ ವಾದಿಸುತ್ತಿದ್ದೆನೋ ಏನೋ. ಸಂಜೆ ನಮ್ಮ ಮನೆಯ ಬೆಲ್ಲು ಹೊಡೆಯಿತು. ಬಾಗಿಲಲ್ಲಿ ಅಂಕಲ್, ಆಫೀಸಿನ ಅಂಗಿಯಲ್ಲಿ. "ಅಯ್ಯೋ, ಕೆಳಗೆ ನೋಡಿದೆ. ಗ್ಲಾಸಿಗೆ ಎಂತ ಆಯ್ತು ಮಾರಾಯ?"

ನಾನು ಅಪ್ಪನನ್ನು ನೋಡಿದೆ. ಈಗ ಸಾಹೇಬನಿಲ್ಲ, ಈಗ ಹೇಳಬಹುದಲ್ಲ.

"ಗಾಲ್ಫಿನ ಚೆಂಡು ಬಿತ್ತು ಪೊರ್ಬುಗಳೇ" ಎಂದರು ಅಪ್ಪ. "ನಾನು ನಿಲ್ಲಿಸಿದ ಜಾಗ ಸರಿ ಇರ್ಲಿಲ್ಲ."

"ಹೋಗ್ಲಿ ಬಿಡು, ನಾನೇ ಹಾಕಿಸ್ತೇನೆ. ನಿಮಗೆ ಯಾರಿಗೂ ಪೆಟ್ಟಾಗಿಲ್ಲ ಅಲ್ವಾ, ಅದು ದೊಡ್ಡದು." ಅಪ್ಪನ ಬೆನ್ನು ತಟ್ಟಿ ಮೇಲೆ ಹೋದರು.

ಬಾಗಿಲು ಹಾಕಿದ ಕೂಡಲೇ ಅಪ್ಪನ ಮೇಲೆ ಬಿದ್ದೆ. "ಹೊಡೆದದ್ದು ಅವರು! ಕಾರು ಅವರದ್ದು! ನೀವ್ಯಾಕೆ ನನ್ನದು ಅಂದದ್ದು?"

"ನನ್ನದಲ್ಲ ಅಂದಿದ್ರೆ ಸಾಹೇಬ ಮತ್ತೆ ಎಂತ ಕೇಳ್ತಿದ್ದ?"

"ಯಾರದು ಅಂತ."

"ಹಾಂ. ಆಗ, ಗಂಡನೇ ಗುರುತಿಲ್ಲದ ಹಾಗೆ ನಿಂತಲ್ಲಿ, ಬಾಯಮ್ಮ ಯಾರಾಗಿ ನಿಲ್ಲಬೇಕಿತ್ತು, ಹೇಳು? ನಿನ್ನ ಡಿಬೇಟಿನಲ್ಲಿ ಅದಕ್ಕೆ ಉತ್ತರ ಉಂಟಾ?"

ಅಪ್ಪನ ಆ ಲೆಕ್ಕವನ್ನು ನಾನು ಒಪ್ಪಿಲ್ಲ, ಇವತ್ತಿಗೂ. ಒಬ್ಬರ ಮಾನ ಮುಚ್ಚಲು ಇನ್ನೊಬ್ಬರು ತಪ್ಪು ಹೊತ್ತರೆ, ಹೊತ್ತವರ ಮೇಲೇ ಅದು ಉಳಿದುಬಿಡುತ್ತದೆ. ಉಳಿಯಿತು ಕೂಡ. ಅಪ್ಪ ಮತ್ತೆಂದೂ ಯಾರ ಕಾರನ್ನೂ ಮುಟ್ಟಲಿಲ್ಲ. 'ಗಾಲ್ಫ್' ಎಂದೇ ಅವರನ್ನು ತಮಾಷೆ ಮಾಡುವವರಿದ್ದರು.

ನನ್ನನ್ನು ಎಲ್ಲಕ್ಕಿಂತ ಕಂಗೆಡಿಸಿದ್ದು ಬೇರೆ. ಆ ಕತೆಯನ್ನು ಊರಿಗೆಲ್ಲ ಹಬ್ಬಿಸಿದವರು ಅಂಕಲ್ ಎಂದುಕೊಂಡಿದ್ದೆ. ಒಂದು ಹುಟ್ಟುಹಬ್ಬದ ಪಾರ್ಟಿಯಲ್ಲಿ ಹೆಂಗಸರ ಗುಂಪಿನ ನಡುವಿನಿಂದ ಅದು ಕೇಳಿಬಂತು. "ಯಾರೋ ಸಾಹೇಬನ ಚೆಂಡು ಮಾರಾಯ್ತಿ. ಪಾಪ, ನಮ್ಮವರು ಆಗ ಆಫೀಸಿನಲ್ಲಿ, ಡ್ಯೂಟಿ." ಹೇಳುತ್ತಿದ್ದವರು ಆಂಟಿ. ನಗುನಗುತ್ತ, ಎಲ್ಲಿಯೂ ತಡವರಿಸದೆ. ಆಮೇಲೆ ಎಷ್ಟು ಸಲ ಕೇಳಿದೆನೋ, ಒಂದು ಪದ ಹೆಚ್ಚುಕಡಿಮೆ ಆಗಲಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ಅಂಕಲ್, ಆಂಟಿ ಒಮಾನ್ ಬಿಟ್ಟು ಊರಿಗೆ ಹೊರಟರು. ನಾನು ಕಾಲೇಜಿನ ರಜೆಯಲ್ಲಿ ಬಂದಿದ್ದೆ. ಸಾಮಾನು ಕಟ್ಟಲು ಸಹಾಯ ಮಾಡು ಎಂದು ಅಮ್ಮ ಮೇಲೆ ಕಳಿಸಿದರು. ಹೊರಗಿನ ಕೋಣೆಯಲ್ಲಿ ಅಂಕಲ್ ಪೆಟ್ಟಿಗೆಗಳಿಗೆ ಹಗ್ಗ ಬಿಗಿಯುತ್ತ, ಅಪ್ಪನನ್ನು "ಯಲ್ಲಾ ಮಾರಾಯ, ಎಳಿ, ಎಳಿ" ಎಂದು ಅರಬ್ಬಿ ಬೆರೆಸಿ ಹುರಿದುಂಬಿಸುತ್ತಿದ್ದರು. ಅಡುಗೆಮನೆಯಲ್ಲಿ ಆಂಟಿ ಪಾತ್ರೆಗಳನ್ನು ಒಂದೊಂದಾಗಿ ಒರೆಸಿ ಕೊಡುತ್ತಿದ್ದರು, ನಾನು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದೆ. ಆ ಸ್ಟೀಲ್ ಡಬ್ಬಿ ಬಂತು. ನಾನು ಸುತ್ತದೆ ಹಾಗೇ ಹಿಡಿದುಕೊಂಡೆ.

"ಎಂತ ನೋಡ್ತಿ? ಹಳೇ ಡಬ್ಬಿ ಅದು" ಎಂದರು ಆಂಟಿ.

ಹೊಡೆದದ್ದು ಯಾರು, ಕಾರು ಯಾರದು ಎಂದೆಲ್ಲ ನನಗೆ ಕೇಳುವುದಿರಲಿಲ್ಲ. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

"ಆಂಟಿ, ಅವತ್ತು ರಾತ್ರಿ ಇದನ್ನು ಅಂಕಲ್‌ನ ಮುಂದೆ ಇಡುವಾಗ ನೀವು ಎಂತ ಹೇಳಿದ್ರಿ?"